ಅಕ್ಕನ ಎರಡನೇ ರಿಪೋರ್ಟು

ಬೈಯುವುದರಲ್ಲಿ ನಮ್ಮ ಲ್ಯಾಬಿನಲ್ಲಿ ನನಗೆ ಹೆಸರಿದೆ. ಮಾರೇನಹಳ್ಳಿಯ ಒಂದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಜನರ ರಕ್ತ ತೆಗೆಯುತ್ತಿದ್ದೇನೆ. ಕಾಫಿ ಕುಡಿದು ಬಂದು ಖಾಲಿ ಹೊಟ್ಟೆ ಎಂದು ಸುಳ್ಳು ಹೇಳುವವರಿಗೆ ಬೈಯುತ್ತೇನೆ. ಅದಕ್ಕಿಂತ ಹೆಚ್ಚಾಗಿ ಬೈಯುವುದು, ಕ್ಯಾನ್ಸರ್ ಚಿಕಿತ್ಸೆ ಮುಗಿಸಿ, ಮಾರ್ಕರ್ ಟೆಸ್ಟಿಗೆ ಒಂದೊಂದು ಸಲ ಒಂದೊಂದು ಲ್ಯಾಬಿಗೆ ಹೋಗುವವರಿಗೆ. "ಏನಮ್ಮಾ, ಇದೇನು ಹೋಟ್ಲಾ, ಇವತ್ತು ಇಲ್ಲಿ ನಾಳೆ ಅಲ್ಲಿ ಅನ್ನೋಕೆ? ಮೊದ್ಲು ಎಲ್ಲಿ ಮಾಡಿಸಿದ್ರೋ ಅಲ್ಲೇ ಮಾಡಿಸಿ."

ಬೈಗುಳಕ್ಕೆ ಕಾರಣವಿದೆ. ಅಂಡಾಶಯದ ಕ್ಯಾನ್ಸರಿನ ಕೋಶಗಳು ಸಿಎ ೧೨೫ ಎಂಬ ಒಂದು ಪ್ರೋಟೀನನ್ನು ರಕ್ತಕ್ಕೆ ಉದುರಿಸುತ್ತವೆ, ಮಾರ್ಕರ್ ಎಂದರೆ ಅದೇ. ರೋಗ ಮತ್ತೆ ತಲೆ ಎತ್ತಿದರೆ ಸಾಮಾನ್ಯವಾಗಿ ಅದೂ ಏರುತ್ತದೆ. ಮೆಷಿನ್ನಿನಲ್ಲಿರುವ ಆಂಟಿಬಾಡಿ ಅದನ್ನು ಹಿಡಿದು ಅಳೆಯುತ್ತದೆ. ಆದರೆ ಒಂದು ಕಂಪನಿಯ ಆಂಟಿಬಾಡಿ ಹಿಡಿಯುವ ರೀತಿ ಇನ್ನೊಂದರಂತಿರುವುದಿಲ್ಲ, ಹಾಗಾಗಿ ಒಂದೇ ರಕ್ತಕ್ಕೆ ಎರಡು ಮೆಷಿನ್ನು ಎರಡು ಸಂಖ್ಯೆ ಕೊಡಬಹುದು. ಮನೆಯ ಪಾವಿನಲ್ಲಿ ಅಳೆದ ಅಕ್ಕಿಯನ್ನು ಅಂಗಡಿಯ ಪಾವಿನಲ್ಲಿ ಅಳೆದು, ಕಡಿಮೆಯಾಯಿತು ಎಂದರೆ ಆಗುತ್ತದೆಯೇ? ಇದು ನಮ್ಮ ಕೆಲಸದ ಅ ಆ ಇ ಈ.

ನನ್ನ ಅಕ್ಕನಿಗೆ ಬಂದದ್ದೂ ಅದೇ ಕ್ಯಾನ್ಸರ್. ನನಗಿಂತ ಒಂಬತ್ತು ವರ್ಷ ದೊಡ್ಡವಳು, ಬಸವೇಶ್ವರನಗರದಲ್ಲಿ ಭಾವನ ಜೊತೆ ಇದ್ದಳು. ಆಪರೇಷನ್ ಆಯಿತು, ಆರು ಕೀಮೋ ಆಯಿತು. ಕೊನೆಗೆ ಆಸ್ಪತ್ರೆಯಲ್ಲಿ ಮಾರ್ಕರ್ ಇಪ್ಪತ್ತೆಂಟಕ್ಕೆ ಇಳಿಯಿತು. ಮೂವತ್ತೈದರ ಒಳಗಿದ್ದರೆ ಸರಿ ಎನ್ನುವುದು ವಾಡಿಕೆ. ಇನ್ನು ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು ಎಂದರು ಡಾಕ್ಟರು.

ಅಕ್ಕನದೊಂದು ಹಟವಿತ್ತು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಿದ್ದಳಲ್ಲ, ಆ ಕೈಗೆ ಸೂಜಿ ಮುಟ್ಟಿಸಲು ಬಿಡುತ್ತಿರಲಿಲ್ಲ. ಚುಚ್ಚುವುದೆಲ್ಲ ಬಲಗೈಗೇ. ಕೀಮೋ ಮುಗಿಯುವಷ್ಟರಲ್ಲಿ ಬಲಗೈಯ ನರಗಳು ಒಣಗಿದ ಗೋರಿಕಾಯಿಯಂತೆ ಗಟ್ಟಿಯಾಗಿದ್ದವು. ಆಸ್ಪತ್ರೆಯ ಹುಡುಗಿಯರು ನಾಲ್ಕು ಸಲ ಚುಚ್ಚಿ, "ಆಂಟಿ, ಎಡಗೈ ಕೊಡಿ" ಎನ್ನುವರು. ಇವಳು ಕೊಡಳು. ಒಂದು ದಿನ ಆ ಕೈ ಊದಿಸಿಕೊಂಡು ಬಂದದ್ದು ನೋಡಿ ನನಗೆ ರೇಗಿತು. "ಸಾಕು ಕಣೇ ಅಲ್ಲಿಗೆ ಹೋಗಿದ್ದು. ಇನ್ಮೇಲೆ ನಾನೇ ತೆಗೀತೀನಿ," ಎಂದೆ.

ಮೊದಲ ಸಲ ಅವಳ ಪೂಜೆ ಮುಗಿಯುವವರೆಗೆ ಕಾದು, ಒಂದೇ ಚುಚ್ಚಿಗೆ ತೆಗೆದೆ. "ಅಯ್ಯೋ, ಆಗೋಯ್ತಾ!" ಎಂದು ನಕ್ಕಳು. ನಮ್ಮ ಮೆಷಿನ್ನಿನಲ್ಲಿ ಇಪ್ಪತ್ತು ಬಂತು. ಇಪ್ಪತ್ತೆಂಟಿದ್ದದ್ದು ಇಪ್ಪತ್ತು! ಊರವರಿಗೆಲ್ಲ ಬುದ್ಧಿ ಹೇಳುವ ನನಗೆ ಆವತ್ತು ಮೆಷಿನ್ನು ಬದಲಾದದ್ದು ಹೊಳೆಯಲೇ ಇಲ್ಲ. ಕುಣಿದಾಡುವುದೊಂದು ಬಾಕಿ. ಡಾಕ್ಟರಿಗೆ ಬರೀ ಸಂಖ್ಯೆಯನ್ನು ವಾಟ್ಸ್ಆ್ಯಪ್ ಮಾಡಿದೆ. ಲ್ಯಾಬಿನವಳೇ ಅಲ್ಲವೇ ಎಂದು ಅವರೂ ರಿಪೋರ್ಟು ಕೇಳಲಿಲ್ಲ.

ಆಮೇಲಿನ ಮೂರು ತಿಂಗಳು ಅಕ್ಕ ಅಕ್ಕನಾಗಿದ್ದಳು. ಉದುರಿದ ಕೂದಲು ಗುಂಗುರಾಗಿ ಹುಟ್ಟಿತ್ತು, ಅದನ್ನು ಕನ್ನಡಿಯಲ್ಲಿ ನೋಡಿಕೊಂಡು, "ಕಾಲೇಜ್ ಹುಡುಗಿ ಥರ ಇದೀನಲ್ವಾ?" ಎಂದು ಭಾವನನ್ನು ಕಾಡುತ್ತಿದ್ದಳು. ಭಾನುವಾರ ನಾವಿಬ್ಬರೂ ಸ್ಕೂಟರಿನಲ್ಲಿ ಮಲ್ಲತ್ತಹಳ್ಳಿ ಕೆರೆಗೆ ಹೋಗಿ ಒಂದು ಸುತ್ತು ನಡೆಯುತ್ತಿದ್ದೆವು.

ಎರಡನೇ ಸಲ ಇಪ್ಪತ್ತೇಳು ಬಂತು.

ಪರದೆಯ ಮೇಲೆ ಆ ಸಂಖ್ಯೆ ಕಂಡಾಗ ಹಿಂದಿನ ರಿಪೋರ್ಟು ತೆರೆದು ನೋಡಿದೆ. ಈಗ ಹೊಳೆಯಿತು. ನಮ್ಮ ಮೆಷಿನ್ನಿನಲ್ಲಿ ಇಪ್ಪತ್ತರಿಂದ ಇಪ್ಪತ್ತೇಳಕ್ಕೆ ಏರಿದೆ, ಆಸ್ಪತ್ರೆಯ ಇಪ್ಪತ್ತೆಂಟರ ಜೊತೆ ಇದನ್ನು ಇಡುವಂತೆಯೇ ಇಲ್ಲ. ಮೂವತ್ತೈದರ ಒಳಗಿದ್ದರೂ, ಚಿಕಿತ್ಸೆ ಮುಗಿದವರಲ್ಲಿ ಇಂಥ ಏರಿಕೆ ರೋಗ ಮರಳುತ್ತಿರುವ ಸೂಚನೆ ಇರಬಹುದು. ಬೇರೆ ಯಾರದ್ದಾದರೂ ಆಗಿದ್ದರೆ ಕೂಡಲೇ ಫೋನ್ ಮಾಡಿ, ಡಾಕ್ಟರ ಹತ್ತಿರ ಓಡಿ ಎನ್ನುತ್ತಿದ್ದೆ. ಅಷ್ಟರಲ್ಲಿ ಅಕ್ಕನ ಫೋನೇ ಬಂತು. "ಏನಂತೆ ಕಣೇ?" ಅವಳ ದನಿಯಲ್ಲಿ ಭಯವೇ ಇರಲಿಲ್ಲ. "ಇಪ್ಪತ್ತೇಳು. ಆಸ್ಪತ್ರೇದಕ್ಕಿಂತ ಕಡಿಮೇನೇ ಇದೆ," ಎಂದೆ. ಡಾಕ್ಟರಿಗೂ ಇಪ್ಪತ್ತೇಳು ಎಂದಷ್ಟೇ ಕಳಿಸಿದೆ. ಇನ್ನೊಂದು ಸಲ ನೋಡಿದರಾಯಿತು ಎಂದುಕೊಂಡೆ. ಹೆದರಿಕೆ, ಮತ್ತೇನಲ್ಲ. ದರಿದ್ರ ಹೆದರಿಕೆ.

ಎರಡು ತಿಂಗಳಿಗೆ ಅಕ್ಕನ ಹೊಟ್ಟೆ ಊದಿತು. ಸ್ಕ್ಯಾನಿನಲ್ಲಿ ಹೊಟ್ಟೆಯ ತುಂಬ ನೀರು, ಅಲ್ಲಲ್ಲಿ ಗಡ್ಡೆ. ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, "ಈ ಎರಡು ರೀಡಿಂಗ್ ಯಾವ ಮೆಷಿನ್ದು?" ಎಂದು ಕೇಳಿದರು. ಹೇಳಿದೆ. ಪೆನ್ನು ಕೆಳಗಿಟ್ಟರು. "ಗೊತ್ತಿದ್ದಿದ್ರೆ ಎರಡು ತಿಂಗಳು ಮೊದ್ಲೇ ಸ್ಕ್ಯಾನ್ ಮಾಡಿಸ್ತಿದ್ವಿ. ಅದ್ರಿಂದ ಆಯಸ್ಸು ಹೆಚ್ತಿತ್ತು ಅಂತ ನಾನು ಹೇಳಲ್ಲಮ್ಮಾ. ಹೆಚ್ತಿರಲಿಲ್ಲ ಅಂತಲೂ ಹೇಳೋಕಾಗಲ್ಲ." ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮತ್ತೆ ಕೀಮೋ ಹಾಕಿದರು, ಈ ಸಲ ಹಿಡಿಯಲಿಲ್ಲ. ವಾರ್ಡಿನಲ್ಲಿ ಒಂದು ಮಧ್ಯಾಹ್ನ ನಾನು ಎಳನೀರು ಹಿಡಿದು ಹೋದಾಗ ಅಕ್ಕ ಪಕ್ಕದ ಹಾಸಿಗೆಯವರಿಗೆ ನನ್ನನ್ನು ತೋರಿಸಿ, "ಇವ್ಳೇ ನನ್ ತಂಗಿ. ಇವಳ ರಿಪೋರ್ಟ್ ಅಂದ್ರೆ ಕಣ್ಮುಚ್ಕೊಂಡು ನಂಬ್ಬೋದು," ಎಂದಳು. ನನಗೆ ತಡೆಯಲಾಗಲಿಲ್ಲ. ಅವರು ಬಾತ್‌ರೂಮಿಗೆ ಹೋದದ್ದೇ ತಡ, "ನಂಬ್ಬೇಡ ಕಣೇ," ಎಂದು ಅವಳ ಕಾಲ ಬಳಿ ಕುಸಿದು ಅಳುತ್ತ ಮೆಷಿನ್ನಿನ ವಿಷಯವನ್ನೆಲ್ಲ ಹೇಳಿದೆ.

ಅಕ್ಕ ಕೇಳಿದಳು, "ನಿಂಗೆ ಯಾವತ್ತು ಗೊತ್ತಾಯ್ತು?"

"ಡಾಕ್ಟರ್ ಕೇಳಿದ ದಿನ," ಎಂದೆ.

ಅವಳು ಉಸಿರು ಬಿಟ್ಟಳು. ಸೂಜಿ ಚುಚ್ಚಿ ಕಪ್ಪಾಗಿದ್ದ ಬಲಗೈಯಿಂದ ನನ್ನ ತಲೆ ಸವರಿದಳು. "ಅಷ್ಟೇ ತಾನೆ. ಗೊತ್ತಿಲ್ದೆ ಆಗಿದ್ದಕ್ಕೆ ಯಾಕಿಷ್ಟು ಒದ್ದಾಡ್ತೀಯ? ಗೊತ್ತಿದ್ದೂ ಮುಚ್ಚಿಟ್ಟಿದ್ರೆ ಆ ಮಾತು ಬೇರೆ. ಏಳು, ಮುಖ ತೊಳ್ಕೊ ಹೋಗು."

ಹೋಗಿ ಮುಖ ತೊಳೆದುಕೊಂಡು ಬಂದೆ. ಅದಾದ ಮೇಲೆ ಅಕ್ಕ ಹನ್ನೊಂದು ದಿನ ಇದ್ದಳು. ಹನ್ನೊಂದು ದಿನವೂ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಅವಳಿಗೆ ಎಚ್ಚರವಿತ್ತು, ಮಾತಾಡುತ್ತಿದ್ದಳು, ನನಗೆ ಬೇಕಾದಷ್ಟು ಹೊತ್ತಿತ್ತು. ಎರಡನೇ ರಿಪೋರ್ಟಿನ ದಿನವೇ ಗೊತ್ತಿತ್ತು ಎಂದು ಹೇಳಲಿಲ್ಲ.