ಠಾಣೆಯಲ್ಲೇ ಉಳಿದ ಓಟಿನ ಚೀಟಿ

ಪೊಲೀಸಿನವನು ಓಟಿನ ಚೀಟಿ ಹಿಡಿದು ಮನೆ ಬಾಗಿಲಿಗೆ ಬಂದಾಗ ಜುಸ್ತಿನಾ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಬಾಗಿಲು ಬಡಿದದ್ದು ಕೇಳಿಸಿತು. ಆದರೆ ಅವಳ ಮೊಣಕಾಲಿಗೆ ಸರ್ಕಾರದ ಅವಸರ ತಿಳಿಯುವುದಿಲ್ಲ. ಕಡಿದಾದ ಮೆಟ್ಟಿಲು ಇಳಿದು ಬಾಗಿಲು ತೆಗೆಯುವಷ್ಟರಲ್ಲಿ ಅವನು ಮುಂದಿನ ಓಣಿಗೆ ತಿರುಗಿಯಾಗಿತ್ತು. ಕೂಗಿ ಕರೆಯಬಹುದಿತ್ತು. ಆದರೆ ಅರವತ್ತೆಂಟರ ಹೆಂಗಸು ಪೊಲೀಸಿನವನ ಹಿಂದೆ ಕೂಗಿಕೊಂಡು ಓಡಿದರೆ ಇಸ್ಲಾದಂಥ ಸಣ್ಣ ಬಂದರಿನ ಊರಿನಲ್ಲಿ ಸಂಜೆಯೊಳಗೆ ಒಂದು ಕಳ್ಳತನದ ಕತೆ ಹುಟ್ಟಿ, ಬೆಳೆದು, ಮದುವೆಗೆ ಬಂದಿರುತ್ತದೆ. ಮನೆಮನೆಗೆ ಚೀಟಿ ಹಂಚುವುದು ಪೊಲೀಸರು, ಅದಿಲ್ಲದೆ ಓಟು ಹಾಕುವಂತಿಲ್ಲ. ಮನೆಯಲ್ಲಿ ಸಿಗದವರ ಚೀಟಿ ಮತದಾನದ ಹಿಂದಿನ ಗುರುವಾರದವರೆಗೆ ಠಾಣೆಯಲ್ಲಿರುತ್ತದೆ. ನಾಳೆ ಹೋಗಿ ತಂದರಾಯಿತು ಅಂದುಕೊಂಡಳು.

ಮರುದಿನ ಅವಳು ಶೂ ಹಾಕಿಕೊಳ್ಳುತ್ತಿದ್ದಾಗ ಮತ್ತೆ ಬಾಗಿಲು ಬಡಿಯಿತು. ನೋಡಿದರೆ ನೆನು. ಅವಳ ಒಡಹುಟ್ಟಿದ ತಮ್ಮ. ಎರಡು ಓಣಿ ಆಚೆ ಮನೆ ಇದ್ದೂ ಐದು ವರ್ಷದಿಂದ ಅವಳ ಜೊತೆ ಮಾತು ಬಿಟ್ಟವನು. ಕೈಯಲ್ಲಿ ಎಣ್ಣೆ ಇಳಿದ ಕಾಗದದ ಪೊಟ್ಟಣ, ಒಳಗೆ ಬೇಕರಿಯ ಬಿಸಿ ತಿಂಡಿ, ಪಾಸ್ತಿಟ್ಸಿ. ಗಿಣ್ಣು ತುಂಬಿದ್ದು, ಅವಳಿಗೆ ಇಷ್ಟವಾದದ್ದು.

“ಚೀಟಿ ತಗೊಂಡಿಲ್ವಂತೆ,” ಅಂದ, ಗೋಡೆ ನೋಡಿಕೊಂಡು.

“ಯಾರಂದ್ರು?”

“ಪಕ್ಷದವರು ಕಳಿಸಿದ್ದಾರೆ ನನ್ನ. ಬಹಳ ಬೇಜಾರಾಗಿದೆ ಅವರಿಗೆ.”

ಜುಸ್ತಿನಾ ಹಾಕಿಕೊಂಡ ಒಂದು ಶೂ ಬಿಚ್ಚಿಟ್ಟು ಚಹಾಕ್ಕೆ ನೀರಿಟ್ಟಳು.

ಅವರದು ಕೆಂಪು ಪಕ್ಷದ ಮನೆ. ಇಸ್ಲಾದಲ್ಲಿ ಮಕ್ಕಳು ಹಾಲಿನ ಜೊತೆ ಪಕ್ಷವನ್ನೂ ಕುಡಿಯುತ್ತವೆ. ಕೆಂಪಿನವರಿಗೂ ಚರ್ಚಿಗೂ ಜಗಳವಿದ್ದ ಕಾಲದಲ್ಲಿ ಅವರ ಚಿಕ್ಕಪ್ಪನ ಮದುವೆಯನ್ನು ಪಾದ್ರಿಗಳು ಬಲಿಪೀಠದ ಮುಂದೆ ಮಾಡಿಸದೆ, ಪಾತ್ರೆ ಬಟ್ಟೆ ಇಡುವ ಪಕ್ಕದ ಕೋಣೆಯಲ್ಲಿ ಮುಗಿಸಿ ಕಳಿಸಿದ್ದರು. ಅಂಥ ಮನೆಯ ಮಗಳು ಜುಸ್ತಿನಾ. ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ದುಡಿದಳು, ಅದು ಮುಚ್ಚಿದ ಮೇಲೆ ಶಾಲೆ ಗುಡಿಸಿದಳು, ಮದುವೆಯಾಗಲಿಲ್ಲ. ಪ್ರತಿ ಚುನಾವಣೆಯಲ್ಲೂ ಅಭ್ಯರ್ಥಿಗಳು ಅವಳ ಅಡುಗೆಮನೆಯಲ್ಲಿ ಕೂತು ಓಣಿಯ ಮೆಟ್ಟಿಲಿಗೆ ಕಬ್ಬಿಣದ ಕಂಬಿ ಹಾಕಿಸುತ್ತೇವೆ ಅಂದರು. ಗೆದ್ದವರು ಕಾರಿನಲ್ಲಿ ಹಾರನ್ನು ಬಾರಿಸಿಕೊಂಡು ಹೋದರು. ಅವಳು ಈಗಲೂ ಗೋಡೆ ಹಿಡಿದೇ ಇಳಿಯುತ್ತಾಳೆ.

ಮನಸ್ತಾಪಕ್ಕೆ ಕಾರಣ ಒಂದು ಲೋಟ ಚಹಾ. ಹಿಂದಿನ ಚುನಾವಣೆಯಲ್ಲಿ ನೀಲಿ ಪಕ್ಷದಿಂದ ಒಬ್ಬ ಹಲ್ಲಿನ ಡಾಕ್ಟರು ನಿಂತಿದ್ದ. ಮನೆಮನೆ ಸುತ್ತುತ್ತ ಇವಳ ಬಾಗಿಲಿಗೂ ಬಂದ. ಕೆಂಪು ಮನೆಯವರು ನೀಲಿಯವನನ್ನು ಹೊಸಿಲಲ್ಲೇ ನಿಲ್ಲಿಸಿ, ನಕ್ಕು, ಕಳಿಸಿಬಿಡುವುದು ವಾಡಿಕೆ. ಆದರೆ ಅವಳ ದವಡೆ ಹಲ್ಲು ನೋವಿಲ್ಲದೆ ಕಿತ್ತವನು ಅವನು. ಹೊರಗೆ ಮಳೆ ಬೇರೆ. ಒಳಗೆ ಕರೆದಳು, ಚಹಾ ಕೊಟ್ಟಳು, ಅವನು ಬಿಸ್ಕತ್ತನ್ನೂ ತಿಂದ. ಓಟು ಮಾತ್ರ ಕೆಂಪಿಗೇ ಹಾಕಿದಳು. ಆದರೆ ಅದನ್ನು ಯಾರು ಕೇಳಬೇಕು? ಆಗ ಆ ಬೀದಿಯ ಓಟುಗಳನ್ನು ಪಕ್ಷ ವಹಿಸಿದ್ದು ನೆನುವಿಗೆ. ಯಾವ ಬಾಗಿಲಿನಿಂದ ಯಾವ ಓಟು ಬರುತ್ತದೆ, ಯಾವ ಮುದುಕಿಯನ್ನು ಕುರ್ಚಿಯಲ್ಲಿ ಹೊತ್ತು ತರಬೇಕು, ಎಲ್ಲಾ ಅವನ ಬಾಯಲ್ಲಿತ್ತು. ಅಂಥವನ ಅಕ್ಕನ ಮೇಜಿನ ಮುಂದೆಯೇ ನೀಲಿಯವನು! ದೀಪದ ಬುಡದಲ್ಲೇ ಕತ್ತಲೆ ಅಂತ ಪಕ್ಷದ ಕ್ಲಬ್ಬಿನಲ್ಲಿ ಎಲ್ಲರೂ ನಕ್ಕರು. ನೆನು ಬಂದು ಬೀದಿಯಲ್ಲಿ ನಿಂತು ಕೂಗಾಡಿ ಹೋದ. ಮೂರು ವರ್ಷದ ಹಿಂದೆ ಅವನ ಹೆಂಡತಿ ಸತ್ತಾಗ ಜುಸ್ತಿನಾ ಹೋಗಿದ್ದಳು. ಸಾಲಿನಲ್ಲಿ ಬಂದ ಎಲ್ಲರ ಕೈ ಹಿಡಿದಂತೆ ಅವಳ ಕೈಯನ್ನೂ ಹಿಡಿದು, “ಬಂದಿದ್ದಕ್ಕೆ ಥ್ಯಾಂಕ್ಸ್” ಅಂದಿದ್ದ. ಬೈದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಈಗ ದಿನಾ ಬರತೊಡಗಿದ. ದಿನಾ ಪೊಟ್ಟಣ, ದಿನಾ ಅದೇ ಮಾತು.

“ಪಕ್ಷದವರು ಕೇಳ್ತಾ ಇದ್ದಾರೆ ಅಕ್ಕ. ಏನು ಹೇಳ್ಲಿ?”

“ಮೊಣಕಾಲು ನೋವು ಅನ್ನು.”

“ನಿನ್ನೆಯೂ ಅದನ್ನೇ ಹೇಳ್ದೆ.”

“ನಿನ್ನೆಯೂ ನೋವಿತ್ತಲ್ಲೋ.”

ಅವನು ಚಹಾ ಗುಟುಕರಿಸಿ ಮುಖ ಕಿವಿಚಿದ. “ಸಕ್ಕರೆನೇ ಇಲ್ಲ.”

“ನಿನಗೆ ಸಕ್ಕರೆ ಬಿಡು ಅಂದಿದ್ದಾರಲ್ಲ ಡಾಕ್ಟರು.”

“ನಿನಗ್ಯಾರು ಹೇಳಿದ್ದು?”

“ಊರವರು. ನನ್ನ ತಮ್ಮನ ಸುದ್ದಿ ನನಗೆ ಊರವರೇ ಹೇಳ್ಬೇಕು.”

ನೆನು ಲೋಟವನ್ನು ಮತ್ತೆ ತುಟಿಗಿಟ್ಟ. ಅದು ಖಾಲಿಯಾಗುವವರೆಗೆ ಏಳಲಿಲ್ಲ.

ಜುಸ್ತಿನಾಳಿಗೆ ಲೆಕ್ಕ ಸ್ಪಷ್ಟವಾಗಿತ್ತು. ಚೀಟಿ ತಂದ ದಿನ ನೆನು ಬರುವುದು ನಿಲ್ಲುತ್ತದೆ. ಠಾಣೆ ಇರುವುದು ಚರ್ಚಿನ ಹಿಂದೆ, ನಾಲ್ಕು ಹೆಜ್ಜೆ. ಮೀನು ತರಲು ಅದಕ್ಕಿಂತ ದೂರ ಹೋಗಿಬರುತ್ತಿದ್ದಳು. ಠಾಣೆಯ ಮುಂದೆಯೇ ಹಾದುಬಂದರೂ ಒಳಗೆ ಹೋಗುತ್ತಿರಲಿಲ್ಲ. ಅಪ್ಪ ಬದುಕಿದ್ದರೆ ಕೊಂದೇ ಹಾಕುತ್ತಿದ್ದ. ನಾಚಿಕೆಯಾಗುತ್ತಿತ್ತು, ನಿಜ. ನಾಚಿಕೆಗಿಂತ ದಣಿವು ದೊಡ್ಡದಾಗಿತ್ತು. ಇಷ್ಟು ವರ್ಷ ಈ ಬಾಗಿಲು ತಟ್ಟಿದವರೆಲ್ಲ ಓಟು ಕೇಳಲಿಕ್ಕೇ ತಟ್ಟಿದ್ದು. ಅದೇ ಓಟಿನ ನೆಪದಲ್ಲಿ ಒಂದಿಷ್ಟು ದಿನ ತಮ್ಮ ಬಂದು ಕೂತರೆ ದೇಶವೇನು ಮುಳುಗಿಹೋಗುತ್ತದೆಯೇ?

ಗುರುವಾರ ಬೆಳಿಗ್ಗೆ ಬಾಗಿಲು ಬಡಿದಾಗ ನೆನು ಇಷ್ಟು ಬೇಗ ಬಂದನೇ ಅಂದುಕೊಂಡಳು. ಬಂದವಳು ಮರುಸ್ಕಾ, ಬೇಕರಿಯವರ ಸೊಸೆ. ಕೆಂಪು ಟೀ ಶರ್ಟು, ಕೈಯಲ್ಲಿ ಮೊಬೈಲು.

“ಆಂಟಿ, ಇವತ್ತು ಕೊನೇ ದಿನ. ನಿಮ್ಮ ಚೀಟಿ ಇನ್ನೂ ಅಲ್ಲೇ ಇದೆ. ಕಾರು ತರ್ಲಾ?”

“ನೆನು ದಿನಾ ಬಂದು ಹೇಳ್ತಾನೇ ಇದ್ದಾನಲ್ಲಮ್ಮ. ಮತ್ತೆ ನಿನ್ನೂ ಕಳಿಸಿದ್ರಾ?”

ಮರುಸ್ಕಾ ಹುಬ್ಬೇರಿಸಿದಳು. “ನೆನು ಅಂಕಲ್ಲಾ? ಅವರಿಂದ ಬೀದಿ ತಗೊಂಡು ಒಂದು ವರ್ಷ ಆಯ್ತಲ್ಲ ಆಂಟಿ. ಈಗೆಲ್ಲ ಮೊಬೈಲಲ್ಲೇ ಅಲ್ವಾ, ಅವರಿಗೆ ಆಗ್ತಿರ್ಲಿಲ್ಲ. ಈ ಬೀದಿ ಈಗ ನಂದು. ಅವರನ್ನ ಯಾರೂ ಎಲ್ಲಿಗೂ ಕಳಿಸ್ತಿಲ್ಲ.” ಆಮೇಲೆ ನೆನಪಾದವಳಂತೆ, “ಮೊದಲನೇ ದಿನ ಕ್ಲಬ್ಬಲ್ಲಿ ಚೀಟಿ ತಗೊಳ್ಳದವರ ಪಟ್ಟೀಲಿ ನಿಮ್ಮ ಹೆಸರು ಬಂದಾಗ ಮೂಲೇಲಿ ಕೂತಿದ್ರು. ಎದ್ದು ಹೋದ್ರು. ನಾವು, ಪಾಪ, ಸಿಟ್ಟು ಬಂತೇನೋ ಅಂದ್ಕೊಂಡ್ವಿ.”

ಅವಳನ್ನು ಏನೋ ಹೇಳಿ ಸಾಗಹಾಕಿ ಜುಸ್ತಿನಾ ಅಡುಗೆಮನೆಯಲ್ಲಿ ಕೂತುಬಿಟ್ಟಳು. ನಗು ಬಂತು, ಅದರ ಹಿಂದೆಯೇ ಅಳು ಬಂತು. ಒಂದು ವರ್ಷದಿಂದ ಬೀದಿಯೂ ಇಲ್ಲದೆ, ಹೆಂಡತಿಯೂ ಇಲ್ಲದೆ, ಯಾರ ಹತ್ತಿರವೂ ಹೇಳಿಕೊಳ್ಳದೆ ಕ್ಲಬ್ಬಿನ ಮೂಲೆಯಲ್ಲಿ ಕೂತಿದ್ದನಲ್ಲ, ಈ ಮಂಕ.

ಮಧ್ಯಾಹ್ನ ನೆನು ಬಂದ. ಅವಳು ಮರುಸ್ಕಾಳ ಮಾತೆತ್ತಲಿಲ್ಲ.

“ಕೊನೇ ಸಲ ಹೇಳು ಅಂದಿದ್ದಾರೆ ಪಕ್ಷದವರು,” ಅಂದ. ದನಿ ಬಿದ್ದುಹೋಗಿತ್ತು. “ನಡಿ, ನಾನೇ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ.”

“ತಗೊಂಡ್ರೆ ನಾಳೆ ಬರ್ತೀಯಾ?”

“ನಾಳೆ ಶುಕ್ರವಾರ. ಓಟಿನ ಹಿಂದಿನ ದಿನ ಪ್ರಚಾರ ಮಾಡೋ ಹಾಗಿಲ್ಲ. ಕಾನೂನು.”

“ಚಹಾ ಕುಡಿಯೋದೂ ಪ್ರಚಾರವೇನೋ?”

“ನಿನ್ನ ಮನೇಲಿ ಹೌದು.”

ಅವಳು ನಕ್ಕುಬಿಟ್ಟಳು. ಅವನ ತುಟಿಯೂ ಅಲುಗಿತು. ಆದರೆ ನಗಲಿಲ್ಲ, ಎದ್ದು ಹೋದ.

ತಂದರೂ ನಾಳೆಗೆ ನೆಪವಿಲ್ಲ, ತರದಿದ್ದರೂ ಇಲ್ಲ. ಹಾಗಿದ್ದ ಮೇಲೆ ತರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವಳೂ ಕೇಳಿಕೊಂಡಳು. ಆದರೆ ಚೀಟಿ ತಂದರೆ ನೆನು ಗೆದ್ದಂತಾಗುತ್ತದೆ. ಗೆದ್ದವರು ಈ ಮೆಟ್ಟಿಲನ್ನು ಮತ್ತೆ ಹತ್ತಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕುರ್ಚಿಯಿಂದ ಏಳಲೇ ಇಲ್ಲ. ಠಾಣೆಯ ಬಾಗಿಲು ಮುಚ್ಚಿತು, ಅವಳ ಓಟು ಒಳಗೇ ಉಳಿಯಿತು.

ಶುಕ್ರವಾರ ಊರು ಸತ್ತಂತಿತ್ತು. ಧ್ವನಿವರ್ಧಕವಿಲ್ಲ, ಹಾರನ್ನಿಲ್ಲ, ಬಂದರಿನ ಕಡೆಯಿಂದ ದೋಣಿಯ ಸದ್ದು ಮಾತ್ರ. ಜುಸ್ತಿನಾ ಬಟ್ಟೆ ಒಗೆದಳು. ಒಣಹಾಕಲು ಮೇಲೆ ಹೋಗಲಿಲ್ಲ. ಹಸಿ ಬಟ್ಟೆಯ ಬುಟ್ಟಿ ಬಾಗಿಲ ಹತ್ತಿರವೇ ಇತ್ತು. ಅವನು ಬರುತ್ತಿದ್ದ ಹೊತ್ತು ಬಂತು, ಹೋಯಿತು. ಊಟದ ಹೊತ್ತೂ ಹೋಯಿತು.

ಆಮೇಲೆ ಬಾಗಿಲು ಬಡಿಯಿತು, ಮೆಲ್ಲಗೆ, ಬೇರೆ ಯಾರೋ ಬಡಿದಂತೆ.

ನೆನು ನಿಂತಿದ್ದ. ಕೈಯಲ್ಲಿ ಪೊಟ್ಟಣವಿಲ್ಲ, ಏನೂ ಇಲ್ಲ. ಎರಡು ಕೈಯನ್ನೂ ಎಲ್ಲಿಡಬೇಕು ಅಂತ ತಿಳಿಯದೆ ನಿಂತಿದ್ದ. ಒಳಗೆ ಬಾ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಐದು ವರ್ಷದ ಸಿಟ್ಟು ಅವಳಿಗೂ ಇತ್ತು, ಅವಳೂ ಅದೇ ಅಪ್ಪನ ಮಗಳು.

“ಇವತ್ತು ಏನಂತ ಹೇಳಿ ಕಳಿಸಿದ್ದಾರೆ ಪಕ್ಷದವರು?” ಅಂದಳು.

ನೆನು ಓಣಿಯ ಕೆಳಗೆ ನೋಡಿದ. ಹತ್ತಿಬಂದದ್ದಕ್ಕೆ ಎದೆ ಇನ್ನೂ ಏರಿಳಿಯುತ್ತಿತ್ತು.

“ಯಾರೂ ಕಳಿಸಿಲ್ಲ ಅಕ್ಕ,” ಅಂದ. “ಯಾವತ್ತೂ ಕಳಿಸಿರ್ಲಿಲ್ಲ.”

“ಗೊತ್ತು,” ಅಂದಳು ಜುಸ್ತಿನಾ. “ಒಳಗೆ ಬಾ.”