ಎರಡು ತಾಸು ಹತ್ತು ನಿಮಿಷ

೧೯೬೧ರ ಬೇಸಿಗೆ. ಚೊಚ್ಚಲ ಹೆರಿಗೆಗೆಂದು ಯಲವಿಗಿಯ ತವರಿಗೆ ಬಂದಿದ್ದೆ. ಶಾಲೆಯಲ್ಲಿದ್ದಾಗಿನಿಂದಲೂ ನನಗೆ ದಿನಚರಿ ಬರೆಯುವ ರೂಢಿ. ಮಗ ಹುಟ್ಟಿದ ಮೇಲೂ ಬಿಡಲಿಲ್ಲ. ಎಷ್ಟು ಸಲ ಹಾಲು ಕುಡಿದ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಮಲಗಿದ, ಎಲ್ಲ ಬರೆದಿಡುತ್ತಿದ್ದೆ. ಒಂದು ಮಾತು ಮಾತ್ರ ಬರೆದಿರಲಿಲ್ಲ. ಆ ಕೂಸಿನ ಮೇಲೆ ನನಗೆ ಮಾಯೆ, ಮಮತೆ ಹುಟ್ಟಿರಲಿಲ್ಲ.

ಹೊಗೆ ತುಂಬಿದ ಬಾಣಂತಿ ಕೋಣೆಯಲ್ಲಿ ಎಲ್ಲವೂ ದೂರ ದೂರ ಕಾಣುತ್ತಿತ್ತು. ತೊಟ್ಟಿಲು ನೀರಿನೊಳಗೆ ತೂಗಿದಂತೆ, ಅವ್ವನ ಮಾತು ಬೇರೆ ಯಾರದೋ ಮನೆಯಿಂದ ಬಂದಂತೆ. ಅಳು ಬರುತ್ತಿತ್ತು, ಕಾರಣ ಗೊತ್ತಿರಲಿಲ್ಲ. ಕೂಸು ಮಲಗಿದರೂ ನನಗೆ ನಿದ್ದೆಯಿಲ್ಲ. ಪಕ್ಕದ ಮನೆಯ ನೀಲವ್ವ ನೋಡಲು ಬಂದವಳು, “ಗಂಡಸಮಗ ಹುಟ್ಟ್ಯಾನ, ಇನ್ನೇನ ಬೇಕಾಗಿತ್ತ ಈಕಿಗೆ? ಮಾರಿ ನೋಡ್ರಿ, ಬ್ಯಾಳಿ ಸೀದಂಗ!” ಎಂದಳು. ಅವ್ವ ಗಾಳಿ ಸೋಕಿದೆಯೆಂದು ಮಂತ್ರಿಸಿದ ದಾರ ಕಟ್ಟಿದಳು. ನನ್ನಂಥ ತಾಯಿ ಇಲ್ಲದಿರುವುದೇ ಕೂಸಿಗೆ ಒಳ್ಳೆಯದೆಂದು ನನಗೆ ಅನ್ನಿಸತೊಡಗಿತ್ತು.

ನಲವತ್ತೊಂದನೆಯ ದಿನ ಮಧ್ಯಾಹ್ನ. ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು, ಕೂಸು ಮಲಗಿತ್ತು. ತಲೆಗೆ ಕಟ್ಟಿದ ಬಾಣಂತಿ ಬಟ್ಟೆಯನ್ನೂ ಬಿಚ್ಚದೆ ಬರಿಗಾಲಲ್ಲಿ ಸ್ಟೇಷನ್ನಿಗೆ ನಡೆದೆ. ಬಿಸಿಲು ಕಾಲಿಗೆ ತಾಗಿದ ನೆನಪಿಲ್ಲ. ಹಳಿಗಳ ಮೇಲೆ ಗಾಳಿ ಕುದಿಯುತ್ತಿತ್ತು. ಅದರಾಚೆಯ ಬೇವಿನಮರಗಳು ಕರಗಿ ಕರಗಿ ಮತ್ತೆ ಮರಗಳಾಗುತ್ತಿದ್ದವು. ಯಾವ ಗಾಡಿ ಬಂದರೂ ಹತ್ತಿ ಹೋಗಿಬಿಡುವುದು, ಅಷ್ಟೇ ಗೊತ್ತಿತ್ತು.

ಬೆಂಚಿನ ಬಳಿ ನಡುವಯಸ್ಸಿನ ಹೆಂಗಸೊಬ್ಬಳು ವೀಳ್ಯದೆಲೆಯ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಹುಲಗೂರಿನವಳಂತೆ, ಎಲೆ ಮಾರಲು ಹಾವೇರಿಗೆ ಹೊರಟಿದ್ದಳು. ಅವಳ ಕಣ್ಣು ನನ್ನ ತಲೆಯ ಬಟ್ಟೆಯನ್ನು ನೋಡಿ, ಹಾಲಿನಿಂದ ತೊಯ್ದ ಕುಪ್ಪಸದ ಮೇಲೆ ನಿಂತಿತು.

“ಕೂಸ ಎಲ್ಲೈತಿ ತಂಗೀ?”

“ಮನ್ಯಾಗ ಐತ್ರಿ.”

“ನೀ ಎಲ್ಲಿಗೆ ಹೊಂಟಿ?”

“ಗೊತ್ತಿಲ್ರಿ.”

ಅವಳು ಬೈಯಲಿಲ್ಲ. “ಹಾಲು ಕುಡಿಸಿ ಎಷ್ಟೊತ್ತಾತು?” ಎಂದಳು.

ಸ್ಟೇಷನ್ನಿನ ಗಡಿಯಾರ ನೋಡಿದೆ. “ಎರಡು ತಾಸು ಹತ್ತು ನಿಮಿಷ.”

“ಅಯ್ಯ ನನ್ನವ್ವಾ, ಗಡಿಯಾರ ನುಂಗಿ ಬಂದೀಯೇನ!” ಎಂದು ನಕ್ಕಳು.

ಆ ನಗುವಿಗೆ ನನ್ನ ಬಾಯಿ ಬಿಚ್ಚಿತು. “ಬರೇ ಲೆಕ್ಕ ಇಡ್ತೇನ್ರಿ. ಅದರ ಮಾರಿ ಕಂಡ್ರ ಏನೂ ಅನಸೂದಿಲ್ಲ. ನಾ ತಾಯೀನ ಅಲ್ರಿ.”

“ಬ್ಯಾಡಾದ ಕೂಸಿನ ನಿಮಿಷ ಯಾರ ಎಣಸ್ತಾರ? ನಿನ್ನ ಜೀವ ಅಲ್ಲೇ ಐತಿ. ಮನಸಿಗಷ್ಟ ಜಡ್ಡಾಗೈತಿ. ನನಗೂ ಎರಡನೇದು ಹುಟ್ಟಿದಾಗ ಹಿಂಗ ಆಗಿತ್ತು. ಹಡದೇನಿ ಅನ್ನೂದ ಖರೆ ಅನಸ್ತಿದ್ದಿಲ್ಲ.”

ಗಾಡಿ ಬಂತು. ನಾನು ಎದ್ದೆ. ಅವಳು ನನ್ನ ಮುಂಗೈ ಹಿಡಿದಳು, ಮೆಲ್ಲಗೆ. ನಾನು ಬಿಡಿಸಿಕೊಳ್ಳಲಿಲ್ಲ. ಗಾಡಿ ನಮ್ಮಿಬ್ಬರನ್ನೂ ಬಿಟ್ಟು ಹೋಯಿತು.

“ನಿಮ್ಮ ಎಲಿ ಬಾಡ್ತಾವಲ್ರಿ,” ಎಂದೆ.

“ನೀರು ಹೊಡದ್ರ ಆತು. ನಿನ್ನ ಮಾರಿಗೂ ಒಂದೀಟು ಹೊಡೀತೇನಿ, ನಡಿ.”

ಮನೆಯ ಬಾಗಿಲಲ್ಲಿ ಅವ್ವ ಅಳುವ ಕೂಸನ್ನೆತ್ತಿಕೊಂಡು ದಿಕ್ಕುತೋಚದೆ ನಿಂತಿದ್ದಳು. ಆ ಹೆಂಗಸೇ ಮೊದಲು ಮಾತಾಡಿದಳು. “ಬೈಬ್ಯಾಡ್ರಿ ಯವ್ವಾ. ಇದು ಗಾಳಿ ಅಲ್ಲ. ಹಡದ ಮ್ಯಾಲೆ ಕೆಲವರಿಗೆ ಹಿಂಗ ಆಕ್ಕೈತಿ. ನಿದ್ದಿ ಮಾಡಾಕ ಬಿಡ್ರಿ, ಒಬ್ಬಾಕಿನ್ನ ಬಿಡಬ್ಯಾಡ್ರಿ. ದವಾಖಾನಿ ಡಾಕ್ಟರ ಬಾಯಾರಿಗೆ ತೋರಸ್ರಿ.” ಕೊಟ್ಟ ನೀರು ಕುಡಿದು, ಬುಟ್ಟಿ ಹೊತ್ತು ಹೋದಳು. ಹೆಸರು ಕೇಳಬೇಕೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಅವ್ವ ನನ್ನನ್ನು ಸವಣೂರಿನ ದವಾಖಾನೆಗೆ ಕರೆದೊಯ್ದಳು. ಅಲ್ಲಿಯ ಲೇಡಿ ಡಾಕ್ಟರೂ ಇದು ಕಾಯಿಲೆ, ತಪ್ಪಲ್ಲ ಎಂದರು. ಅಂದಿನಿಂದ ಮಧ್ಯಾಹ್ನಗಳಲ್ಲಿ ಕೂಸು ಅವ್ವನ ಮಡಿಲಲ್ಲಿ, ನಾನು ನಿದ್ದೆಯಲ್ಲಿ. ಒಂದೇ ಸಲಕ್ಕೆ ಏನೂ ಸರಿಹೋಗಲಿಲ್ಲ. ಅಳು ಮತ್ತೆ ಮತ್ತೆ ಬಂತು. ಎಂಬತ್ತಾರನೆಯ ದಿನ ಬೆಳಿಗ್ಗೆ ಮಗ ಒಮ್ಮೆ ಸೀನಿದ, ತನ್ನ ಸೀನಿಗೆ ತಾನೇ ಬೆಚ್ಚಿಬಿದ್ದ. ನಾನು ನಕ್ಕೆ. ಆ ಸದ್ದಿಗೆ ಅವ್ವ ಅಡಿಗೆಮನೆಯಿಂದ ಓಡಿಬಂದಳು.

ಈಗ ಅವನಿಗೆ ಐದು ವರ್ಷ. ನಾವಿರುವುದು ಹಿರೇಕೆರೂರಿನಲ್ಲಿ. ಹೋದ ತಿಂಗಳು ನಮ್ಮ ಓಣಿಯ ಹೊಸ ಬಾಣಂತಿಯನ್ನು ನೋಡಲು ಹೋಗಿದ್ದೆ. ಎಲ್ಲರೂ ಎದ್ದುಹೋದ ಮೇಲೆ ಅವಳು ಗೋಡೆಯ ಕಡೆ ತಿರುಗಿ, “ಅಕ್ಕಾ, ಇದರ ಮ್ಯಾಲೆ ನನಗ ಮಾಯೆ ಬರವಲ್ದು,” ಎಂದಳು.

“ನನಗೂ ಬಂದಿದ್ದಿಲ್ಲ ತಂಗೀ,” ಎಂದೆ.

ಅವಳು ಮೆಲ್ಲಗೆ ನನ್ನ ಕಡೆ ತಿರುಗಿದಳು.