ಸೋಹ್ನಾ ಹೊಲದ ಬದುವಿನಲ್ಲಿ ಶೀಶಮ್ ನೆಟ್ಟದ್ದು

ಮೊದಲ ಮಳೆ ಬಿದ್ದ ವಾರ ನಾನೂ ಕಾಮತರೂ ದಿಲ್ಲಿಯಿಂದ ಸೋಹ್ನಾ ಬಸ್ಸು ಹಿಡಿದೆವು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಹೊಲದ ಬದುವಿನಲ್ಲಿ ಮರ ಬೆಳೆಸುವುದನ್ನು ರೈತರಿಗೆ ಕಲಿಸಲು ಕಚೇರಿ ನಮ್ಮಿಬ್ಬರನ್ನು ಹಚ್ಚಿತ್ತು. ನಾನು ಧಾರವಾಡದಿಂದ ಆಗಷ್ಟೇ ಬಂದವನು, ಕಾಮತರು ದಿಲ್ಲಿಯಲ್ಲೇ ತಲೆ ನರೆಸಿಕೊಂಡವರು. ಟಿಕೆಟ್ಟಿಗೆ ಎರಡು ರೂಪಾಯಿ ಚಿಲ್ಲರೆ ಕೊಟ್ಟರೂ ಸೀಟು ಸಿಕ್ಕಿದ್ದು ಗುಡಗಾಂವ್ ದಾಟಿದ ಮೇಲೆ. ಕಾಲಡಿಯಲ್ಲಿ ಒದ್ದೆ ಗೋಣಿ ಸುತ್ತಿದ ಶೀಶಮ್ ಸಸಿಗಳಿದ್ದವು.

"ನಮ್ಮ ಬೀಟೆಯ ದಾಯಾದಿ ಕಣ್ರೀ ಇದು," ಎಂದರು ಕಾಮತರು. "ಇವತ್ತೇ ನೆಲ ಸೇರದಿದ್ರೆ ಖತಮ್."

ಹಳ್ಳಿಯಲ್ಲಿ ಬೆಣ್ಣೆ ಹಚ್ಚಿದ ರೊಟ್ಟಿ, ಗ್ಲಾಸಲ್ಲ, ತಂಬಿಗೆಯ ತುಂಬ ಲಸ್ಸಿ! ಪ್ರಾತ್ಯಕ್ಷಿಕೆಗೆ ತನ್ನ ಬದುವನ್ನು ಕೊಟ್ಟವನು ಧರಂಪಾಲ್ ಎಂಬ ರೈತ. ಊರವರೆಲ್ಲ ಸೇರಿದರು. ನಾವು ಹಗ್ಗ ಎಳೆದು ಗುರುತು ಹಾಕುವಷ್ಟರಲ್ಲಿ ಪಕ್ಕದ ಹೊಲದಿಂದ ಅವನ ತಮ್ಮ ಜಗರಾಮ್ ಗುದ್ದಲಿ ಹಿಡಿದು ಬಂದ.

"ಮರ ಅವನದು, ನೆರಳು ನನ್ನ ಗೋಧಿಗಾ? ನೆಟ್ಟು ನೋಡಿ ಸಾಬ್, ನಾಳೆಯೇ ಕೀಳ್ತೀನಿ."

ಅವನ ಮಾತು ಸುಳ್ಳಲ್ಲ. ಅವನ ಹೊಲ ಬದುವಿನ ಉತ್ತರಕ್ಕಿತ್ತು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ನೆರಳೆಲ್ಲ ಅಲ್ಲಿಗೇ. ಮರ ಬಲಿತ ಮೇಲೆ ಪ್ರತಿವರ್ಷ ಗೋಧಿ ಬಿತ್ತುವ ಮುಂಚೆ ಪಕ್ಕದ ರೆಂಬೆ ಸವರಬೇಕು, ಸವರಿದ್ದು ತಮ್ಮನ ಒಲೆಗೆ ಎಂದು ಕಾಮತರು ಸಮಾಧಾನ ಹೇಳಿದರು.

"ಅಚ್ಛಾ. ಅದನ್ನ ಅವನ ಬಾಯಲ್ಲೇ ಹೇಳಿಸಿ," ಎಂದ ಜಗರಾಮ್.

ಧರಂಪಾಲ್ ಮುಖ ತಿರುಗಿಸಿದ. ಹೊಲ ಪಾಲಾದ ದಿನದಿಂದ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲವಂತೆ. ಬಿಸಿಲೇರುತ್ತಿತ್ತು, ಗೋಣಿಯಲ್ಲಿ ಸಸಿಗಳ ಎಲೆ ಬಾಡುತ್ತಿತ್ತು.

"ಚಲೋ, ಒಂದು ದಮ್ ಎಳೀರಿ," ಎಂದು ಹಿರಿಯನೊಬ್ಬ ಎಲ್ಲರನ್ನೂ ಬೇವಿನ ನೆರಳಿಗೆ ಕರೆದ. ಧರಂಪಾಲ್ ತಾನು ಸೇದಿದ ಹುಕ್ಕಾದ ಕೊಳವೆಯನ್ನು ನನ್ನತ್ತ ತಿರುಗಿಸಿದ. ಸೇದುವ ಚಾಳಿ ನನಗಿಲ್ಲ. ನಮ್ಮ ಕಡೆ ಎಲೆಯಡಿಕೆ ಹಾಕದವನು ತಟ್ಟೆ ಮುಟ್ಟಿ ಮುಂದಿನವರಿಗೆ ದಾಟಿಸುವುದಿಲ್ಲವೇ, ಹಾಗೆ ನಾನೂ ಮುಟ್ಟಿ ಆಚೆ ಕೂತವನ ಕೈಗಿತ್ತೆ. ಆಚೆ ಕೂತವನು ಜಗರಾಮ್. ಸುತ್ತ ಕೂತವರೆಲ್ಲ ನಮ್ಮತ್ತ ತಿರುಗಿದರು.

"ಏನು ಮಾಡಿದ್ರಿ ಮಾರಾಯ್ರೇ!" ಕಾಮತರು ಕನ್ನಡದಲ್ಲಿ ಪಿಸುಗುಟ್ಟಿದರು. "ಮುನಿದವರು ಇಲ್ಲಿ ಒಂದೇ ಹುಕ್ಕಾ ಮುಟ್ಟೋದಿಲ್ಲ. ಮುಟ್ಟಿದ್ರೆ ರಾಜಿಯಾದ ಹಾಗೆ."

ಜಗರಾಮ್ ಕೊಳವೆಯನ್ನು ನೋಡಿದ, ನನ್ನನ್ನು ನೋಡಿದ. ಅತಿಥಿ ಕೊಟ್ಟದ್ದನ್ನು ತಳ್ಳುವುದು ಅವನಿಂದಾಗಲಿಲ್ಲವೋ ಏನೋ, ಒಂದು ದಮ್ ಎಳೆದು ಕೆಮ್ಮಿದ.

"ತಂಬಾಕಿಗೆ ಬೆರೆಸಿದ ಬೆಲ್ಲ ಸಾಲದು," ಎಂದ, ಯಾರನ್ನೂ ನೋಡದೆ.

"ಅಪ್ಪ ಹಾಕ್ತಿದ್ದಷ್ಟೇ ಹಾಕಿದೀನಿ," ಎಂದ ಧರಂಪಾಲ್, ಅವನೂ ಯಾರನ್ನೂ ನೋಡದೆ.

ನೆರಳಿಗೆ ಕರೆದಿದ್ದ ಹಿರಿಯ ಪಕಪಕ ನಕ್ಕ. ಊರಿಗೆ ಊರೇ ನಕ್ಕಿತು. ಊಟದ ಹೊತ್ತಿಗೆ ಸಸಿಗಳೆಲ್ಲ ನೆಲ ಸೇರಿದ್ದವು. ಗುಂಡಿ ತೋಡಿದ್ದು ಬಹುಪಾಲು ಜಗರಾಮನ ಗುದ್ದಲಿಯೇ. ರೆಂಬೆ ಸವರುವ ಪಾಠವನ್ನು ಆ ಬೇವಿನ ಮರದ ಮೇಲೆಯೇ ಮಾಡಿ ಮುಗಿಸಿದೆವು.

ಸಂಜೆ ಬಸ್ಸಿಗಾಗಿ ರಸ್ತೆಯಲ್ಲಿ ನಿಂತಾಗ ಬದುವಿನ ಕಡೆಯಿಂದ ದೊಡ್ಡ ದನಿಯ ಜಗಳ ಕೇಳಿಸಿತು. ಮುಂದೆ ಶೀಶಮ್‌ನಿಂದ ಸವರುವ ರೆಂಬೆ ಪೂರ್ತಿ ತನ್ನದು ಎಂದು ತಮ್ಮ. ಅವನ ಕಡೆ ಬಾಗಿದ್ದು ಮಾತ್ರ ಎಂದು ಅಣ್ಣ. ಬಸ್ಸು ಹತ್ತಿ ತಿರುಗಿ ನೋಡಿದೆ. ಇಬ್ಬರೂ ಒಂದೇ ಸಸಿಯ ಮೇಲೆ ಬಗ್ಗಿ ಕೈ ಆಡಿಸುತ್ತ ವಾದಿಸುತ್ತಿದ್ದರು. ಮೊಣಕಾಲೆತ್ತರದ ಆ ಸಸಿಗೆ ಇನ್ನೂ ಒಂದು ರೆಂಬೆಯೂ ಒಡೆದಿರಲಿಲ್ಲ.